ಗುಲಗಂಜಿ ಆಯುವ ವಿದ್ಯೆ

ಹರಿಹರ ತಾಲ್ಲೂಕಿನ ಕೊಕ್ಕನೂರು ಬಹಳ ಮಂದಿಗೆ ಪರಿಚಿತವಾಗಿರುವುದು ಅಲ್ಲಿಯ ಆಂಜನೇಯನಿಂದ. ನನಗೆ ಮಾತ್ರ ಆ ಊರಿನ ಹೆಸರು ಕೇಳಿದೊಡನೆ ಒಂದು ತಗಡಿನ ಡಬ್ಬಿ ನೆನಪಾಗುತ್ತದೆ. ಬಾಲ್ಯದ ರಜೆಯ ದಿನಗಳಲ್ಲಿ ಅಲ್ಲಿನ ಬಂಧುಗಳ ಮನೆಗೆ ಹೋದಾಗ, ಬೇಲಿಸಾಲುಗಳಲ್ಲಿ ಗುಲಗಂಜಿ ಆಯುವುದೇ ನಮ್ಮ ಮುಖ್ಯ ಉದ್ಯೋಗ. ಒಣಗಿದ ಕಾಯಿ ಬಿರಿದು ಸುರುಳಿಯಾಗಿ ತಿರುಚಿಕೊಂಡಿರುತ್ತಿತ್ತು. ಅದರ ಒಡಲಿಗೆ ಅಂಟಿಕೊಂಡು ಕೆಂಪು ಬೀಜಗಳು, ಒಂದೊಂದರ ತುದಿಗೂ ಕಾಡಿಗೆಯಿಟ್ಟಂತೆ ಕಪ್ಪು. ಯುರೋಪಿನ ಮಕ್ಕಳಿಗೆ ಓಕ್ ಮರದ ಕಾಯಿ ಹೇಗೋ ನಮಗೆ ಗುಲಗಂಜಿ ಹಾಗೆ: ಬೆಲೆಯಿಲ್ಲದ ಐಶ್ವರ್ಯ.

ಸಂಜೆ ಮನೆಗೆ ಬಂದಾಗ ಅಜ್ಜಿ ನಮ್ಮ ಜೇಬುಗಳನ್ನು ಮೊರಕ್ಕೆ ಬರಿದು ಮಾಡಿಸುತ್ತಿದ್ದಳು. ಮೊದಲ ಮಾತು ಎಚ್ಚರಿಕೆಯದು: ಬಾಯಿಗೆ ಹಾಕಬೇಡಿ, ವಿಷ. ಬಳಿಕ ಅವಳ ಬೆರಳು ಕೆಲಸಕ್ಕೆ ತೊಡಗುತ್ತಿತ್ತು. ಮುರುಟಿದ್ದು, ಬಣ್ಣ ಬಿಟ್ಟದ್ದು, ಜೊಳ್ಳು, ಸೀಳಿದ್ದು ಎಲ್ಲವೂ ಹಿತ್ತಲಿಗೆ. ದಿನವಿಡೀ ಮುಳ್ಳು ಚುಚ್ಚಿಸಿಕೊಂಡು ತಂದುದರಲ್ಲಿ ಅರ್ಧ ಹೋಯಿತಲ್ಲ ಎಂದು ನಾನು ಅತ್ತುದುಂಟು. ‘ಆಯ್ದಿದ್ದೀಯೋ, ಬಾಚಿ ತಂದಿದ್ದೀಯೋ?’ ಎಂದು ಅವಳು ಕೇಳುತ್ತಿದ್ದಳು. ಉಳಿದವು ಡಬ್ಬಿಗೆ ಸೇರುತ್ತಿದ್ದವು. ಅಳಗುಳಿ ಮಣೆಯ 14 ಗುಳಿಗಳಿಗೆ ತಲಾ ನಾಲ್ಕರಂತೆ 56 ಬೀಜ ತುಂಬಿದ ದಿನ ಆಟ.

ಆ ಪ್ರಶ್ನೆಯ ಬೆಲೆ ತಿಳಿದದ್ದು ಬಹಳ ತಡವಾಗಿ. ಕನ್ನಡದಲ್ಲಿ ‘ಆಯು’ ಎಂಬ ಒಂದೇ ಕ್ರಿಯಾಪದಕ್ಕೆ ಎರಡು ಅರ್ಥ. ಬಿದ್ದ ಹೂವನ್ನು ಆಯುವುದು ಎಂದರೆ ಕೂಡಿಸುವುದು. ಅಕ್ಕಿಯನ್ನು ಆಯುವುದು ಎಂದರೆ ಕಲ್ಲನ್ನು ಬೇರ್ಪಡಿಸುವುದು. ಸಂಗ್ರಹ ಮತ್ತು ಆಯ್ಕೆ ಎರಡನ್ನೂ ನಮ್ಮ ಭಾಷೆ ಒಂದೇ ಬೆರಳಿನ ಚಲನೆಯಾಗಿ ಕಂಡಿದೆ.

ಗುಲಗಂಜಿ ತೂಕದ ಮಾನವಾದುದಕ್ಕೂ ಇದೇ ಕಾರಣವೆಂದು ನನ್ನ ತಿಳಿವಳಿಕೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿಯೇ ಪರಿಭಾಷೆಯ ಭಾಗವಿದೆ. ಅಲ್ಲಿ ಬಂಗಾರದ ಲೆಕ್ಕಕ್ಕೆ ಐದು ಗುಂಜೆಗೆ ಒಂದು ಪಣ, ಎಂಟು ಪಣಕ್ಕೆ ಒಂದು ಧರಣ. ಬೆಳ್ಳಿಯ ಲೆಕ್ಕ ಬೇರೆ: ಎರಡು ಗುಂಜೆಗೆ ಒಂದು ಮಾಷ, ಹದಿನಾರು ಮಾಷಕ್ಕೆ ಒಂದು ಧರಣ. ಅಂದರೆ ಬಂಗಾರದ ಧರಣ 40 ಗುಂಜೆ, ಬೆಳ್ಳಿಯದು 32. ಹೆಸರು ಒಂದೇ, ತೂಕ ಎರಡು. ‘ಧರಣ’ ಎಂಬ ಪದವನ್ನು ಕಂಡು ಅಷ್ಟಕ್ಕೇ ನಿಂತವನು ಎಡವುತ್ತಾನೆ. ಗುಂಜೆಯ ತನಕ ಇಳಿದವನಿಗೆ ಮಾತ್ರ ಲೆಕ್ಕ ಕೂಡಿಬರುತ್ತದೆ. ತಮಿಳುನಾಡಿನ ಚೋಳರ ಶಾಸನಗಳಲ್ಲಿ ಬರುವ ಬಂಗಾರದ ಮಾನವಾದ ಮಂಜಾಡಿಯೂ ಮೂಲತಃ ಒಂದು ಕೆಂಪು ಬೀಜವೇ. 20 ಮಂಜಾಡಿಗೆ ಒಂದು ಕಳಂಜು.

ಗುಲಗಂಜಿಯೊಂದರ ತೂಕ ಸುಮಾರು 0.12 ಗ್ರಾಂ. ಆದರೆ ಬಳ್ಳಿಯಲ್ಲಿ ಬೆಳೆದ ಎರಡು ಬೀಜಗಳು ಒಂದೇ ತೂಗುವುದಿಲ್ಲ. ಹಾಗಿದ್ದರೂ ಅವು ಅಕ್ಕಸಾಲಿಗನ ತ್ರಾಸಿನಲ್ಲಿ ಕುಳಿತು ಲೋಕದ ನಂಬಿಕೆ ಪಡೆದದ್ದು, ಯಾರೋ ಒಬ್ಬರು ಮೊದಲು ಕುಳಿತು ಜೊಳ್ಳನ್ನು ತೆಗೆದು, ಒಂದರ ಪಕ್ಕ ಒಂದನ್ನಿಟ್ಟು ನೋಡಿ ಆಯ್ದುದರಿಂದ. ಮಾನ ಎಂಬುದು ಬೀಜದಲ್ಲಿ ಇರಲಿಲ್ಲ. ಆಯ್ದ ಕೈಯಲ್ಲಿ ಇತ್ತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ಹೇಳಲು ಕಾರಣವಿದೆ. ಇಂದು ಸಂಗ್ರಹ ಸುಲಭವಾಗಿದೆ. ಒಂದು ಸಂಜೆಯೊಳಗೆ ನೂರಾರು ಗ್ರಂಥಗಳ ಪ್ರತಿಗಳನ್ನು ಗಣಕಯಂತ್ರಕ್ಕೆ ಇಳಿಸಿಕೊಳ್ಳಬಹುದು. ಇದು ಸಣ್ಣ ಭಾಗ್ಯವಲ್ಲ; ಒಂದು ಹಸ್ತಪ್ರತಿಗಾಗಿ ಊರೂರು ಅಲೆದವರ ತಲೆಮಾರಿಗೆ ಅದು ಕನಸಾಗಿತ್ತು. ಆದರೆ ಆ ತಲೆಮಾರಿನವರು ಓಲೆಗರಿಗಳನ್ನು ಹೋಲಿಸಿ, ಅಪಪಾಠವನ್ನು ಬದಿಗಿಟ್ಟು, ಬಿಟ್ಟುದಕ್ಕೂ ಉಳಿಸಿಕೊಂಡದ್ದಕ್ಕೂ ಕಾರಣ ಹೇಳಿದರು. ಗ್ರಂಥಸಂಪಾದನೆ ಎಂಬುದು ಅಜ್ಜಿಯ ಮೊರದ ಕೆಲಸವೇ. ಇತ್ತೀಚೆಗೆ ನನ್ನ ಕೈಗೆ ಬರುವ ಪ್ರಬಂಧಗಳಲ್ಲಿ ಅಡಿಟಿಪ್ಪಣಿಗಳು ಹೆಚ್ಚಿವೆ, ಬಿಟ್ಟುಕೊಟ್ಟ ಗುರುತು ಇಲ್ಲ. ಬಾಚಿ ತಂದದ್ದು ಕಾಣುತ್ತದೆ, ಆಯ್ದದ್ದು ಕಾಣುವುದಿಲ್ಲ.

ಇನ್ನೊಂದು ನಷ್ಟವೂ ಇದೆ. ‘ಗುಲಗಂಜಿಯಷ್ಟೂ’ ಎಂಬ ನುಡಿಗಟ್ಟನ್ನು ಈಗಲೂ ಬರೆಯುತ್ತೇವೆ. ತರಗತಿಯೊಂದರಲ್ಲಿ, ಅದನ್ನು ಕೈಯಲ್ಲಿ ಹಿಡಿದವರು ಯಾರು ಎಂದು ಕೇಳಿದಾಗ ಎದ್ದದ್ದು ಎರಡೇ ಕೈ. ಭದ್ರಾ ನಾಲೆಯ ನೀರಿನಿಂದ ಭತ್ತದ ಗದ್ದೆಯಾದ ಆ ಸೀಮೆಯಲ್ಲಿ ನಾನು ಬಲ್ಲ ಬೇಲಿಗಳು ಈಗಿಲ್ಲ. ಗದ್ದೆ ಬೇಡವೆನ್ನಲು ನನಗೆ ಬಾಯಿಲ್ಲ; ಅದು ಅನ್ನ. ಆದರೆ ವಸ್ತು ಮರೆಯಾದ ಮೇಲೆ ಪದ ನಿಘಂಟಿನಲ್ಲಿ ‘ಒಂದು ತೂಕ’ ಎಂದಷ್ಟೇ ಉಳಿಯುತ್ತದೆ. ಹಳಗನ್ನಡ ಕಲಿಸುವ ಪ್ರತಿ ವಿಭಾಗದಲ್ಲಿಯೂ ಗುಲಗಂಜಿ, ಮಂಜಾಡಿ, ಕವಡೆಗಳಿರುವ ಒಂದು ಗಾಜಿನ ಭರಣಿ ಇರಬೇಕೆಂದು ನಾನು ಬಯಸುವುದು ಇದಕ್ಕಾಗಿಯೇ.

ಅಜ್ಜಿಯ ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಮೊನ್ನೆ ಎಣಿಸಿದೆ: 53. ಮೂರು ಎಲ್ಲಿ ಕಳೆದುಹೋದವೋ. ಬಾಚಿ ತಂದಿದ್ದರೆ ಕಳೆದದ್ದು ತಿಳಿಯುತ್ತಲೇ ಇರಲಿಲ್ಲ.