ಒಬ್ಬ ಮಗನಿಗೆ ಬಕ್ಷಿಸ್ ಪತ್ರ, ಉಳಿದವರಿಗೆ?

ನಾಸಿಕ್‌ನ ಸಾತ್ಪುರ್, ಅಂಬಡ್ ಹಾಗೂ ಛತ್ರಪತಿ ಸಂಭಾಜಿನಗರದ ವಾಳೂಜ್‌ಗೆ ನೌಕರಿ ಅರಸಿ ಬಂದ, ಹೋಟೆಲು ಹಾಕಿ ನೆಲೆನಿಂತ ನಮ್ಮ ಹಿರಿಯರು ಈಗ ಆಸ್ತಿ ಹಂಚುವ ವಯಸ್ಸಿಗೆ ಬಂದಿದ್ದಾರೆ. ಜೊತೆಯಲ್ಲಿರುವ ಮಗನ ಹೆಸರಿಗೆ ಫ್ಲ್ಯಾಟ್ ಮಾಡಿಕೊಡುವುದು ಸಾಮಾನ್ಯವಾಗುತ್ತಿದೆ. ವಾಸದ ಮನೆ ಇಲ್ಲವೇ ಕೃಷಿ ಜಮೀನನ್ನು ಮಕ್ಕಳು, ಮೊಮ್ಮಕ್ಕಳಿಗೆ ದಾನ ಕೊಡುವಾಗಿನ ಮುದ್ರಾಂಕ ಶುಲ್ಕವನ್ನು ಮಹಾರಾಷ್ಟ್ರ ಸರಕಾರ 2015ರಲ್ಲಿ 200 ರೂ.ಗೆ ಇಳಿಸಿದ ಮೇಲಂತೂ ಬಕ್ಷಿಸ್ ಪತ್ರ ಬಲು ಸುಲಭ. ಅಂಗಡಿ, ಗಾಳಾಗಳಿಗೆ ಈ ರಿಯಾಯಿತಿ ಇಲ್ಲ; ಎಂಐಡಿಸಿ ಪ್ಲಾಟಾದರೆ ನಿಗಮದ ಅನುಮತಿಯೂ ಬೇಕು.

ಹಿರಿಯರ ಮೊದಲ ಪ್ರಶ್ನೆ ತೆರಿಗೆಯದು. ಈ ಹೆದರಿಕೆ ಹಳೆಯ ಕಾಲದ್ದು. 1953ರ ಎಸ್ಟೇಟ್ ಡ್ಯೂಟಿ ಕಾಯಿದೆಯಲ್ಲಿ ಸಾವಿಗೆ ಹಿಂದಿನ ಎರಡು ವರ್ಷಗಳೊಳಗೆ ಕೊಟ್ಟ ದಾನವನ್ನೂ ಮೃತರ ಆಸ್ತಿಗೇ ಸೇರಿಸಿ ತೆರಿಗೆ ಹಾಕುತ್ತಿದ್ದರು. 1985ರ ಮಾರ್ಚ್ 16ರಿಂದ ಆ ತೆರಿಗೆ ಹೋಯಿತು. ದಾನ ತೆರಿಗೆಯೂ 1998ರ ಅಕ್ಟೋಬರ್ 1ರಿಂದ ನಿಂತಿತು. ಹೆತ್ತವರು ಕೊಟ್ಟದ್ದನ್ನು ಇಂದು ಮಕ್ಕಳ ಆದಾಯವೆಂದು ಎಣಿಸುವುದಿಲ್ಲ. (ಬ್ರಿಟನ್ನಿನಲ್ಲಿ ಇಂದಿಗೂ ಏಳು ವರ್ಷಗಳ ಲೆಕ್ಕವಿದೆ, ಅಲ್ಲಿ ನೆಲೆಸಿದವರಿರುವ ಮನೆಯವರು ಗಮನಿಸಬೇಕು.) ಮಗ ಮುಂದೆ ಆ ಫ್ಲ್ಯಾಟ್ ಮಾರಿದರೆ ಮಾತ್ರ ತಂದೆಯ ಖರೀದಿ ಬೆಲೆಯಿಂದಲೇ ಲಾಭದ ಲೆಕ್ಕ ಹಿಡಿದು ತೆರಿಗೆ ಕಟ್ಟಬೇಕಾಗುತ್ತದೆ.

ಹಾಗಾಗಿ ಜಗಳ ಹುಟ್ಟುವುದು ಸರಕಾರದ ಜೊತೆಗಲ್ಲ, ಒಡಹುಟ್ಟಿದವರ ನಡುವೆ. ತಂದೆ ಸ್ವಂತ ದುಡಿಮೆಯ 60 ಲಕ್ಷದ ಫ್ಲ್ಯಾಟನ್ನು ಕಿರಿಯ ಮಗನಿಗೆ ಬರೆದುಕೊಟ್ಟು, 30 ಲಕ್ಷದ ಠೇವಣಿ ಬಿಟ್ಟು, ಉಯಿಲು ಬರೆಯದೆ ತೀರಿಕೊಂಡರೆನ್ನಿ. ತಾಯಿ ಹಾಗೂ ಮೂವರು ಮಕ್ಕಳಿಗೆ ತಲಾ ಏಳೂವರೆ ಲಕ್ಷ. ಕಿರಿಯವನಿಗೂ ಅಷ್ಟೇ! ‘ನಿನಗೆ ಆಗಲೇ ಮನೆ ಬಂದಿದೆಯಲ್ಲ’ ಎಂದು ಅಕ್ಕ ಕೇಳುವುದು ನ್ಯಾಯವೇ. ಆದರೆ ಮೊದಲು ಪಡೆದದ್ದನ್ನು ಪಾಲಿನಲ್ಲಿ ಕಳೆಯಬೇಕೆಂಬ ನಿಯಮ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿ ಇಲ್ಲ. ಕ್ರೈಸ್ತ ಬಾಂಧವರಿಗೆ ಅನ್ವಯಿಸುವ 1925ರ ಕಾಯಿದೆಯ 49ನೇ ಕಲಮಂತೂ ಹಾಗೆ ಕಳೆಯಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಕೊಟ್ಟದ್ದು ಪಾಲಿನ ಮುಂಗಡವೆಂಬುದು ತಂದೆಯ ಇಚ್ಛೆಯಾಗಿದ್ದರೆ, ಉಳಿದ ಆಸ್ತಿ ಉಳಿದವರಿಗೆಂದು ಅವರೇ ಉಯಿಲು ಬರೆಯಬೇಕು. ಮನಸ್ಸಿನಲ್ಲಿ ಇಟ್ಟುಕೊಂಡರೆ ಕೋರ್ಟಿಗೆ ತಿಳಿಯದು.

ಊರಿನ ಜಮೀನಿನ ಮಾತೇ ಬೇರೆ. ಒಟ್ಟು ಕುಟುಂಬದ, ಪಾಲಾಗದ ಆಸ್ತಿಯನ್ನು ತಂದೆ ಮನಬಂದಂತೆ ದಾನ ಕೊಡುವಂತಿಲ್ಲ. ಕರ್ನಾಟಕದ್ದೇ ಆದ ಕೆ.ಸಿ. ಲಕ್ಷ್ಮಣ ವಿರುದ್ಧ ಕೆ.ಸಿ. ಚಂದ್ರಪ್ಪ ಗೌಡ ಪ್ರಕರಣದಲ್ಲಿ, ಕೇವಲ ಪ್ರೀತಿವಿಶ್ವಾಸದಿಂದ ಬರೆದ ಅಂಥ ಪತ್ರ ಊರ್ಜಿತವಲ್ಲವೆಂದು ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ತೀರ್ಪಿತ್ತಿದೆ. 1980ರಲ್ಲಿ ಬರೆದ ಪತ್ರ ಬಿದ್ದುಹೋದದ್ದು ನಲವತ್ತೆರಡು ವರ್ಷಗಳ ಬಳಿಕ ಎಂಬುದನ್ನೂ ನೋಡಿ. 2005ರ ತಿದ್ದುಪಡಿ ಹಾಗೂ 2020ರ ವಿನೀತಾ ಶರ್ಮಾ ತೀರ್ಪಿನ ಬಳಿಕ ಇಂಥ ಆಸ್ತಿಯಲ್ಲಿ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ಉತ್ತರಕ್ರಿಯೆಗೆ ಬಂದ ತಂಗಿಯ ಮುಂದೆ ‘ಹಕ್ಕಸೋಡ್ ಪತ್ರ’ ಹಿಡಿದು ಸಹಿ ಕೇಳುವ ಪದ್ಧತಿ ನಮ್ಮವರಲ್ಲೂ ಇದೆ. ಓದದೆ ಸಹಿ ಹಾಕಬೇಡಿ ಎಂದು ಸಹೋದರಿಯರಿಗೆ ನಾವು ಬಿನ್ನವಿಸುತ್ತೇವೆ.

ಕೊಡುವವರೂ ಬರಿಗೈ ಆಗಬಾರದು. ನೋಂದಾಯಿಸಿದ ದಾನವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗದು. 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮು ಆಸರೆಯಾಗುತ್ತದೆ ನಿಜ. ಆದರೆ ಆರೈಕೆಯ ಷರತ್ತು ಪತ್ರದಲ್ಲೇ ಇದ್ದರೆ ವಾದಕ್ಕೆ ಬಲ ಹೆಚ್ಚು. ತಾವಿಬ್ಬರೂ ಬದುಕಿರುವ ತನಕ ಆ ಮನೆಯಲ್ಲೇ ವಾಸಿಸುವ ಹಕ್ಕನ್ನೂ ಅದರಲ್ಲೇ ಬರೆಸಬಹುದು. ವಾರ್ಷಿಕೋತ್ಸವದಲ್ಲಿ ಸನ್ಮಾನಗಳ ನಡುವೆ ಒಂದು ತಾಸು ಬಿಡುವು ಮಾಡಿ, ಎರಡೂ ನಗರಗಳ ಕನ್ನಡ ಸಂಘಗಳು ತಮ್ಮಲ್ಲೇ ಇರುವ ವಕೀಲರಿಂದ ಈ ವಿಷಯ ತಿಳಿಸಿಕೊಡಲಿ. ಸೊಸೆ, ಮಗಳು, ಅಳಿಯ ಎಲ್ಲರೂ ಕೂತು ಕೇಳಲಿ.