ಗೋಳಿಪಲ್ಯ

ಬಾದಾಮಿಯ ಸಮೀಪದಲ್ಲಿ ನೆಲೆಸಿರುವ ಬನಶಂಕರಿಗೆ ಶಾಕಂಭರಿ ಎಂಬ ಹೆಸರೂ ಉಂಟು. ಕ್ಷಾಮಕಾಲದಲ್ಲಿ ಸೊಪ್ಪುಗಡ್ಡೆಗಳನ್ನಿತ್ತು ಜನರನ್ನು ಸಲಹಿದ ತಾಯಿ ಅವಳೆಂಬುದು ಭಕ್ತರ ನಂಬಿಕೆ. ಬನದ ಹುಣ್ಣಿಮೆಯ ಜಾತ್ರೆಗೆ ಸಂಬಂಧಿಸಿದ ಪಲ್ಯದ ಹಬ್ಬದಲ್ಲಿ ಆಕೆಗೆ 108 ಬಗೆಯ ಪಲ್ಯಗಳ ನೈವೇದ್ಯ ಸಲ್ಲುತ್ತದೆ. ಸೊಪ್ಪನ್ನು ದೇವಿಗೆ ಅರ್ಪಿಸುವ ಈ ನಾಡಿನಲ್ಲಿ, ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಸೊಪ್ಪನ್ನು ಕಸವೆಂದು ಕಿತ್ತೆಸೆಯುವುದು ವಿಚಿತ್ರವಲ್ಲವೇ?

ಗೋಳಿ ಅಂಥ ಒಂದು ಸೊಪ್ಪು. ನೆಲಕ್ಕೆ ಹರಡುವ ಕೆಂಪುಛಾಯೆಯ ನುಣುಪು ಕಾಂಡ, ದಪ್ಪನೆಯ ಪುಟ್ಟ ಎಲೆ, ಬಿಸಿಲಿಗೆ ಅರಳುವ ಹಳದಿ ಹೂ ಇವು ಅದರ ಗುರುತುಗಳು. ಸ್ವೀಡನ್ ದೇಶದ ಸಸ್ಯವಿಜ್ಞಾನಿ ಲಿನ್ನೇಯಸ್ 1753ರಲ್ಲಿ ಇದನ್ನು ಪೋರ್ಚುಲಾಕ ಒಲೆರೇಸಿಯ ಎಂದು ಕರೆದನು. ಒಲೆರೇಸಿಯ ಎಂದರೆ ಅಡುಗೆಗೆ ಒದಗುವ ಸೊಪ್ಪುತರಕಾರಿ. ಪಾಲಕದ ಶಾಸ್ತ್ರೀಯ ಹೆಸರಿನಲ್ಲಿಯೂ ಅದೇ ಪದವಿದೆ. ಅಂದು ವಿಜ್ಞಾನಿಗೆ ತರಕಾರಿಯಾಗಿ ಕಂಡದ್ದು ಇಂದು ಹಲವರಿಗೆ ಬರಿಯ ಕಳೆಯಾಗಿ ಕಾಣುತ್ತಿದೆ.

ಹುನಗುಂದದ ಎರೆಹೊಲಗಳಿಗೆ ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳು ಸಂಜೆ ಮರಳುವಾಗ ಉಡಿಯಲ್ಲಿ ಗೋಳಿಯನ್ನೋ ಹಕ್ಕರಿಕೆಯನ್ನೋ ತರುವುದು ವಾಡಿಕೆಯಾಗಿತ್ತು. ಬೇಳೆಯೊಡನೆ ಬೆಂದ ಗೋಳಿ ಜೋಳದ ರೊಟ್ಟಿಗೆ ಜೊತೆಯಾಗುತ್ತಿತ್ತು. ಕೈಯಲ್ಲಿ ಕಾಸಿಲ್ಲದ ದಿನವೂ ಆ ಮನೆಗಳಲ್ಲಿ ಪಲ್ಯವಿರುತ್ತಿತ್ತು. ಕಳೆನಾಶಕದ ಬಳಕೆ ಹೆಚ್ಚಿದಂತೆ ಈ ವಾಡಿಕೆ ಕ್ಷೀಣಿಸುತ್ತಿದೆ; ಔಷಧ ಸಿಂಪಡಿಸಿದ ಹೊಲದ ಸೊಪ್ಪು ತಿನ್ನಲು ಯೋಗ್ಯವಲ್ಲ. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಹಳೆಯ ಬಾಗಲಕೋಟೆಯ ಭಾಗವನ್ನು ಆವರಿಸಿದಾಗ ನವನಗರಕ್ಕೆ ಬಂದು ನೆಲೆಸಿದ ಕುಟುಂಬಗಳ ಎಷ್ಟೋ ಮಕ್ಕಳಿಗೆ ಹೊಲದ ಬದುವೇ ದೂರವಾಗಿದೆ. ಸೊಪ್ಪಿನ ಪರಿಚಯ ಅಜ್ಜಿಯ ಕೈಯಿಂದ ಮೊಮ್ಮಕ್ಕಳ ಕೈಗೆ ಬರುವಂಥದು. ಒಂದು ತಲೆಮಾರು ಮರೆತರೆ ಮುಂದಿನದಕ್ಕೆ ಕಲಿಸುವವರೇ ಇರುವುದಿಲ್ಲ.

ಬೆಳೆಯ ನಡುವಿನ ಗೋಳಿ ನೀರನ್ನೂ ಸಾರವನ್ನೂ ಹೀರುತ್ತದೆಂಬ ರೈತನ ಮಾತು ನಿಜ. ಅದನ್ನು ಹೊಲದಲ್ಲಿಯೇ ಉಳಿಸೆಂದು ಅವನನ್ನು ಒತ್ತಾಯಿಸುವುದು ನ್ಯಾಯವಲ್ಲ. ಆದುದರಿಂದಲೇ ಅದಕ್ಕೆ ಮನೆಯಲ್ಲಿ ಎಡೆ ಕೊಡಬೇಕು.

ಇದಕ್ಕೆ ಹೆಚ್ಚು ಜಾಗ ಬೇಡ. ಇಳಕಲ್ಲಿನ ನೇಕಾರರ ಓಣಿಯ ಇಕ್ಕಟ್ಟಾದ ಮನೆಯ ಮಾಳಿಗೆಯ ಮೇಲೂ ಬಿಸಿಲು ಬೀಳುತ್ತದೆ, ಅಷ್ಟು ಸಾಕು. ತಳದಲ್ಲಿ ತೂತಿರುವ ಒಂದು ಗಡಿಗೆಗೆ ಮಣ್ಣು, ಮರಳು, ಸ್ವಲ್ಪ ತಿಪ್ಪೆಗೊಬ್ಬರ ತುಂಬಿ, ಬೆರಳುದ್ದದ ಕಾಂಡವನ್ನು ಊರಿದರೆ ಅದು ಸುಲಭವಾಗಿ ಬೇರು ಬಿಡುತ್ತದೆ. ಎಲೆಕಾಂಡಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುವ ಗಿಡವಾದ್ದರಿಂದ ಮೇಲ್ಮಣ್ಣು ಒಣಗಿದ ಮೇಲೆ ಮಾತ್ರ ನೀರುಣಿಸಬೇಕು. ನೀರು ಅತಿಯಾದರೆ ಬೇರು ಕೊಳೆಯುತ್ತದೆ. ಹೂ ಬಿಡುವ ಮೊದಲು ಎಳೆಯ ಕುಡಿಗಳನ್ನು ಚಿವುಟಿಕೊಂಡರೆ ಗಿಡ ಮತ್ತೆ ಚಿಗುರುತ್ತದೆ. ಒಂದೆರಡು ಕವಲುಗಳನ್ನು ಬೀಜಕ್ಕಾಗಿ ಬಿಡಬೇಕು.

ಗೋಳಿಯಲ್ಲಿ ಸಿ ಜೀವಸತ್ವವೂ, ಸೊಪ್ಪುಗಳಲ್ಲಿ ಅಷ್ಟಾಗಿ ದೊರೆಯದ ಒಮೆಗಾ-3 ಕೊಬ್ಬಿನ ಆಮ್ಲವೂ ಇವೆ. ಆದರೆ ಆಕ್ಸಲೇಟ್ ಅಂಶ ಹೆಚ್ಚಾಗಿರುವುದರಿಂದ ಮೂತ್ರಪಿಂಡದಲ್ಲಿ ಕಲ್ಲಿನ ತೊಂದರೆಯುಳ್ಳವರು ವೈದ್ಯರ ಸಲಹೆ ಪಡೆಯಬೇಕು. ನೆಲಕ್ಕೆ ಹಬ್ಬಿದ್ದರೂ ಮುರಿದಾಗ ಹಾಲು ಒಸರುವ ಗಿಡ ಗೋಳಿಯಲ್ಲ, ಅದನ್ನು ತಿನ್ನಬಾರದು. ಹೀಗಾಗಿ ಮೊದಲ ಕಾಂಡವನ್ನು ಸೊಪ್ಪು ಬಲ್ಲ ಹಿರಿಯರ ಕೈಯಿಂದಲೇ ಪಡೆಯುವುದು ಉಚಿತ. ಗಿಡದ ಜೊತೆಗೆ ತಿಳಿವಳಿಕೆಯೂ ಆಗ ಮನೆಗೆ ಬರುತ್ತದೆ.

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ, ಹತ್ತಿರವಿದ್ದುದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ತೋರಿಸುತ್ತದೆ. ಒಂದು ಗಡಿಗೆ ಗೋಳಿಯಿಂದ ಮನೆಯ ಹಸಿವೆಲ್ಲ ಹಿಂಗದು. ಆದರೆ ಅದನ್ನು ಗುರುತಿಸಬಲ್ಲ ಒಬ್ಬ ಹುಡುಗನೋ ಹುಡುಗಿಯೋ ಪ್ರತಿ ಮನೆಯಲ್ಲಿ ಇದ್ದರೆ, ಮತ್ತೆ ಮತ್ತೆ ಬರಗಾಲ ಕಂಡ ಈ ಸೀಮೆಗೆ ಅದು ಸಣ್ಣ ಆಸ್ತಿಯಲ್ಲ.