ಅಪ್ಪನ ಯೆಜ್ಡಿಯನ್ನು ಗುಜರಿಗೆ ಕೊಡುವ ಮುನ್ನ

ನಾಗಮಂಗಲ ಕಡೆಯ ಒಂದು ಊರಿಗೆ ಕೆರೆ ಹೂಳಿನ ಸುದ್ದಿ ಮಾಡಲು ಹೋಗಿದ್ದೆವು. ಮಾತು ಮುಗಿದ ಮೇಲೆ ಅರವತ್ತು ದಾಟಿದ ರೈತರೊಬ್ಬರು ಜೇಬಿನಿಂದ ಒಂದು ಕಾಗದ ತೆಗೆದರು. "ಇದೇನು ನೋಡಿ ಸ್ವಾಮಿ, ನಾನು ಬೆಂಗಳೂರಿಗೇ ಹೋಗಿಲ್ಲ" ಅಂದರು.

ಅದು ಸಿಗ್ನಲ್ ಜಂಪ್ ನೋಟಿಸ್. ಅದರಲ್ಲಿದ್ದ ಫೋಟೋದಲ್ಲಿ ಹೊಸ ಬಣ್ಣ ಬಳಿದುಕೊಂಡು ಮಿಂಚುತ್ತಿದ್ದ ಯೆಜ್ಡಿ ರೋಡ್‌ಕಿಂಗ್. ಕೊಟ್ಟಿಗೆಯಲ್ಲಿ ಗೋಣಿಚೀಲ ಹೊದ್ದು ನಿಂತಿದ್ದ ಆ ಬೈಕನ್ನು ಅವರು ಎಂಟು ಸಾವಿರಕ್ಕೆ ಮಾರಿದ್ದರು. ಕೊಂಡವನು ಆರ್‌ಸಿ ಬುಕ್ ಒಯ್ದಿದ್ದ, ಹೆಸರು ಬದಲಾಯಿಸಿರಲಿಲ್ಲ. ದಂಡದ ಚಿಂತೆಯ ನಡುವೆಯೂ ಆ ಹಿರಿಯರು ಫೋಟೋವನ್ನೇ ನೋಡುತ್ತಿದ್ದರು. "ಎಷ್ಟು ಚೆನ್ನಾಗಿ ಮಾಡವ್ರೆ" ಅಂದರು.

ಈ ಕಥೆ ಅವರೊಬ್ಬರದಲ್ಲ. ಹಳೇ ಯೆಜ್ಡಿ ಕೇಳಿಕೊಂಡು ಬರುವವರು ನಮ್ಮ ಕಡೆ ಹೆಚ್ಚುತ್ತಿದ್ದಾರೆ. ಕೊಡಬೇಡಿ ಎಂದು ನಾವು ಹೇಳುವುದಿಲ್ಲ. ಏನನ್ನು ಕೊಡುತ್ತಿದ್ದೀರಿ, ಹೇಗೆ ಕೊಡುತ್ತಿದ್ದೀರಿ ಎಂಬುದು ಗೊತ್ತಿರಲಿ.

ಈ ಬೈಕು ನಮ್ಮದೇ. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಜೆಕ್ ದೇಶದ ಜಾವಾ ಬೈಕುಗಳನ್ನು ತಯಾರಿಸತೊಡಗಿತು. 1973ರಲ್ಲಿ ಯೆಜ್ಡಿ ಎಂಬ ಹೆಸರು ಬಂತು, 1978ರಲ್ಲಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. ಮೈಸೂರಿನ ಕೆಲಸಗಾರರ ಕೈಯಲ್ಲಿ ತಯಾರಾದ ಬೈಕು ದೇಶವೆಲ್ಲ ಓಡಿತು.

250 ಸಿಸಿ, ಒಂದೇ ಸಿಲಿಂಡರ್, ಆದರೂ ಎರಡು ಸೈಲೆನ್ಸರ್. ಗೇರ್ ಕಡ್ಡಿಯನ್ನೇ ಹಿಂದಕ್ಕೆ ತಿರುಗಿಸಿ ಕಿಕ್ ಹೊಡೆಯಬೇಕು. ಸ್ಟಾರ್ಟ್ ಆದ ಮೇಲೆ ಮುಂದಕ್ಕೆ ತಂದರೆ ಮತ್ತೆ ಅದೇ ಗೇರ್. ಬುಲೆಟ್ಟಿಗಿಂತ ಹಗುರ, ಕೈಗೆ ಬೇಗ ಬಗ್ಗುತ್ತದೆ. ದೂರದ ಊರಿಗೆ ಇಬ್ಬರು ಕೂತು ಹೋಗಬಹುದಿತ್ತು, ಸಂತೆಗೆ ಮೂಟೆಯನ್ನೂ ಹೊರುತ್ತಿತ್ತು.

ಟೂ ಸ್ಟ್ರೋಕ್ ಎಂಜಿನ್ ಎಂದರೆ ಕ್ರ್ಯಾಂಕ್ ಒಂದು ಸುತ್ತು ಸುತ್ತಿದರೆ ಒಂದು ಸಲ ಬೆಂಕಿ. ಫೋರ್ ಸ್ಟ್ರೋಕಿನಲ್ಲಿ ಎರಡು ಸುತ್ತಿಗೆ ಒಂದು ಸಲ. ಅದಕ್ಕೇ ಆ ಚುರುಕು. ಆದರೆ ಇದರಲ್ಲಿ ಆಯಿಲ್ ಪೆಟ್ರೋಲಿನ ಜೊತೆಗೇ ಉರಿಯುತ್ತದೆ, ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಗೆ ಹೋಗುತ್ತದೆ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಸೀಜ್, ಹೆಚ್ಚಾದರೆ ಹೊಗೆ. ಹೊಗೆಯ ನಿಯಮ ಬಿಗಿಯಾದಾಗ ಇಂಥ ಬೈಕುಗಳು ಮೂಲೆ ಸೇರಿದವು. ಅದು ತಪ್ಪೆಂದು ನಾವು ವಾದಿಸುವುದಿಲ್ಲ. ದಿನಾ ಮಕ್ಕಳನ್ನು ಶಾಲೆಗೆ ಬಿಡಲು ಈ ಹೊಗೆ ಬೇಡ. ಆದರೆ ವರ್ಷಕ್ಕೆ ನಾಲ್ಕು ಸಲ ಜಾತ್ರೆಗೆ ಹೋಗಿ ಬರುವ ಬೈಕನ್ನು ಕೆಜಿ ಲೆಕ್ಕದಲ್ಲಿ ತೂಗುವುದೂ ಸರಿಯಲ್ಲ.

ಊರಲ್ಲಿ ಬೈಕಿಗೆ ಬೆಲೆ ಇಲ್ಲದಿರುವುದು ತುಕ್ಕಿನಿಂದಲ್ಲ, ಕಾಗದದಿಂದ. ಆರ್‌ಸಿ ಮುಗಿದಿದೆ, ಹೆಸರು ತೀರಿಹೋದ ಅಪ್ಪನದು. ಕೊಳ್ಳುವವರು ಇದನ್ನೇ ತೋರಿಸಿ ಬೆಲೆ ಇಳಿಸುತ್ತಾರೆ. ಅದೇ ರೋಡ್‌ಕಿಂಗ್ ರಿಪೇರಿಯಾಗಿ ಬೆಂಗಳೂರಿನಲ್ಲಿ ನಿಂತರೆ ಲಕ್ಷದ ಮೇಲೆ ಹೇಳುತ್ತಾರೆ.

ಹಾಗಾಗಿ ಮೊದಲು ಕಾಗದ ನೋಡಿ. ಅಪ್ಪ ತೀರಿಹೋಗಿದ್ದರೆ ವಾರಸುದಾರರ ಹೆಸರಿಗೆ ಮಾಡಿಸಲು ಫಾರಂ 31. ಹದಿನೈದು ವರ್ಷ ದಾಟಿದ ಆರ್‌ಸಿ ನವೀಕರಣಕ್ಕೆ ಫಾರಂ 25, ಒಮ್ಮೆ ಮಾಡಿಸಿದರೆ ಐದು ವರ್ಷ. ಇಪ್ಪತ್ತು ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಿಂದ ನವೀಕರಣ ಶುಲ್ಕ 2,000 ರೂಪಾಯಿ. ತಡವಾದ ದಂಡ, ತೆರಿಗೆ, ವಿಮೆ ಬೇರೆ. ಕೈಬರಹದ ಹಳೇ ಆರ್‌ಸಿ ಕಂಪ್ಯೂಟರಿನಲ್ಲಿ ಸಿಗದಿದ್ದರೆ ಆರ್‌ಟಿಒ ಕಚೇರಿಯಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಕೇಳಿ. ಓಡಾಟ ಇದ್ದೇ ಇದೆ, ಸುಳ್ಳು ಹೇಳುವುದಿಲ್ಲ.

ಐವತ್ತು ವರ್ಷ ದಾಟಿದ ಗಾಡಿಗೆ 2021ರಿಂದ ವಿಂಟೇಜ್ ನೋಂದಣಿಯೂ ಇದೆ. ಶುಲ್ಕ 20,000 ರೂಪಾಯಿ, ಮೇಲಾಗಿ ದಿನನಿತ್ಯ ಓಡಿಸುವಂತಿಲ್ಲ. ಹಳ್ಳಿಯವರಿಗೆ ಮಾಮೂಲಿ ನವೀಕರಣವೇ ಮೇಲು.

ಮಾರುವುದೇ ಆದರೆ ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಕೊಟ್ಟು ಸುಮ್ಮನಾಗಬೇಡಿ. ಹೆಸರು ಬದಲಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಂಟು ಸಾವಿರಕ್ಕೆ ಬೈಕು ಕೊಟ್ಟು ಲಕ್ಷಗಟ್ಟಲೆ ಪರಿಹಾರ ಕಟ್ಟುವ ಸ್ಥಿತಿ ಯಾರಿಗೂ ಬೇಡ.

ಇನ್ನೊಂದು ಮಾತು. ಕಾಸ್ಟಿಕ್ ಸೋಡಾದಲ್ಲಿ ಸೈಲೆನ್ಸರ್ ನೆನೆಸಿ ಕಾರ್ಬನ್ ತೆಗೆಯುವ, ಸದ್ದು ಕೇಳಿಯೇ ಪಾಯಿಂಟ್ ಸರಿಮಾಡುವ ಮೆಕ್ಯಾನಿಕ್‌ಗಳು ನಮ್ಮ ಹೋಬಳಿಗಳಲ್ಲಿ ಇನ್ನೂ ಇದ್ದಾರೆ. ಬೈಕುಗಳೆಲ್ಲ ನಗರ ಸೇರಿದರೆ ಅವರ ವಿದ್ಯೆಗೂ ಇಲ್ಲಿ ಕೆಲಸವಿರುವುದಿಲ್ಲ.

ಆ ಹಿರಿಯರ ಜೊತೆ ಆರ್‌ಟಿಒ ಕಚೇರಿಗೆ ನಾವೂ ಹೋಗುತ್ತಿದ್ದೇವೆ. ನಿಮ್ಮ ಕೊಟ್ಟಿಗೆಯಲ್ಲೂ ಗೋಣಿಚೀಲದಡಿ ಒಂದು ಯೆಜ್ಡಿ ಇದ್ದರೆ ಇವತ್ತೇ ಅದರ ಆರ್‌ಸಿ ಬುಕ್ ಎಲ್ಲಿದೆ ಹುಡುಕಿ. ಮಾರುವ ಮಾತು ಆಮೇಲೆ.